ಅಂದಿನ ಬೆಂಗಳೂರೋ, ಇಂದಿನ ಬೆಂಗಳೂರೋ? ಯಾರಿಗೆ ಯಾವುದು ಚೆನ್ನ ಅನ್ನುವ ಲೆಕ್ಕ

ಹೋದ ದೀಪಾವಳಿಗೆ ಮನೆಮಂದಿಯೆಲ್ಲ ಸೇರಿದ್ದೆವು. ಊಟ ಮುಗಿದ ಮೇಲೆ ಅಪ್ಪ ಮಾತು ತೆಗೆದರು. "ಈ ಬೆಂಗಳೂರು ಸಾಕಪ್ಪ. ಮೈಸೂರಿಗೆ ಹೋಗಿಬಿಡೋಣ. ಅಲ್ಲಿ ಇನ್ನೂ ನಮ್ಮ ಹಳೇ ಬೆಂಗಳೂರು ಇದೆ." ತಟ್ಟೆ ಎತ್ತುತ್ತಿದ್ದ ಅಮ್ಮ ಅಲ್ಲೇ ನಿಂತರು. "ಹಳೇ ಬೆಂಗಳೂರಲ್ಲಿ ನೀರು ಹಿಡಿದವಳು ನಾನು. ನೀವಲ್ಲ" ಅಂದರು.

ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಇಬ್ಬರೂ 1980ರ ದಶಕದಲ್ಲಿ ಮತ್ತಿಕೆರೆಯ ಒಂದೇ ವಠಾರದಲ್ಲಿ ಸಂಸಾರ ಮಾಡಿದವರು. ಅಪ್ಪನಿಗೆ ನೆನಪಿರುವುದು ಜಾಲಹಳ್ಳಿಯ ಫ್ಯಾಕ್ಟರಿಗೆ ಸೈಕಲ್ಲಿನಲ್ಲಿ ಹೋಗುತ್ತಿದ್ದ ತಂಪು ಬೆಳಗು. ಅಮ್ಮನಿಗೆ ನೆನಪಿರುವುದು ಅದೇ ಬೆಳಗು, ಆದರೆ ನಲ್ಲಿಯ ಮುಂದೆ ಸಾಲಾಗಿ ಇಟ್ಟ ಕೊಡಗಳು. ಊರು ಒಂದೇ, ವರ್ಷವೂ ಒಂದೇ.

ನಾವೀಗ ನಿಜವಾಗಿಯೂ ಮನೆ ಬದಲಿಸಬೇಕಿದೆ. ಹಾಗಾಗಿ ಸುಮ್ನೆ ಹಳಹಳಿಸುವ ಬದಲು ಒಂದೊಂದೇ ಬಾಬತ್ತು ತೆಗೆದುಕೊಂಡು ಹೋಲಿಸಿ ನೋಡಿದೆ. ನಿಮ್ಮ ಮನೆಯಲ್ಲೂ ಇದೇ ಮಾತು ನಡೆಯುತ್ತಿದ್ದರೆ ಉಪಯೋಗವಾಗಬಹುದು.

ಮೊದಲಿಗೆ ಒಂದು ಎಚ್ಚರಿಕೆ. ಹತ್ತು ವರ್ಷದ ಹುಡುಗಿಯಾಗಿದ್ದಾಗಿನ ಊರನ್ನು, ನಲವತ್ತೈದರಲ್ಲಿ ಸಾಲದ ಕಂತು ಕಟ್ಟುತ್ತಿರುವಾಗಿನ ಊರಿನ ಜೊತೆ ಇಟ್ಟು ತೂಗಬೇಡಿ. ನಾನು ಮೊದಲು ಮಾಡಿದ್ದು ಅದೇ ತಪ್ಪು. ನಿಮ್ಮ ಈಗಿನ ವಯಸ್ಸಿನವರು ಆಗ ಹೇಗಿದ್ದರು ಅಂತ ಕೇಳಬೇಕು. ನನ್ನ ಲೆಕ್ಕಕ್ಕೆ ಅಂದರೆ, ನಾನು ಅಮ್ಮನ ಜಾಗದಲ್ಲಿ ನಿಂತು ನೋಡಬೇಕು.

ನೀರು

ಅಮ್ಮನ ಮಾತಿನಿಂದಲೇ ಶುರು ಮಾಡುತ್ತೇನೆ. ನಮ್ಮ ವಠಾರದಲ್ಲಿ ಎಂಟು ಮನೆ, ಒಂದು ನಲ್ಲಿ, ಎರಡು ಕಕ್ಕಸು. ದಿನ ಬಿಟ್ಟು ದಿನ ನೀರು. ಅದೂ ಎಲ್ಲರೂ ಮಲಗಿರುವ ಹೊತ್ತಿನಲ್ಲಿ. ಗಂಡಸರು ಶಿಫ್ಟಿಗೆ ಹೋಗಬೇಕು ಅಂತ ಮಲಗಿರುತ್ತಿದ್ದರು. ಹೆಂಗಸರು ಎದ್ದು ಕೊಡ, ಬಕೆಟ್ಟು, ಹಂಡೆ ಎಲ್ಲ ತುಂಬಿಸುತ್ತಿದ್ದರು. ವಠಾರದ ಒಗ್ಗಟ್ಟು ಅಂತ ಈಗ ನಾವು ಕೊಂಡಾಡುವುದು ಆ ನಲ್ಲಿಯ ಸುತ್ತ ಹುಟ್ಟಿದ್ದು. ವಠಾರದ ಜಗಳಗಳೂ ಅಲ್ಲೇ ಹುಟ್ಟಿದವು.

ಆಗ ಊರು ನೀರಿಗಿಂತ ಬೇಗ ಬೆಳೆಯುತ್ತಿತ್ತು. 1971ರ ಜನಗಣತಿಯಲ್ಲಿ ಹದಿನಾರೂವರೆ ಲಕ್ಷ ಇದ್ದ ಬೆಂಗಳೂರು 1981ಕ್ಕೆ 29 ಲಕ್ಷ ದಾಟಿತ್ತು. ಮೊದಲು ಇಡೀ ಊರು ಅರ್ಕಾವತಿಯನ್ನು ನಂಬಿತ್ತು, ಹೆಸರಘಟ್ಟ ಮತ್ತು ತಿಪ್ಪಗೊಂಡನಹಳ್ಳಿಯ ನೀರು. ಕಾವೇರಿ ಮೊದಲ ಹಂತ ಬಂದದ್ದು 1974ರಲ್ಲಿ, ಎರಡನೆಯದು 1982ರಲ್ಲಿ, ಮೂರನೆಯದು 1993ರಲ್ಲಿ. ಕಾವೇರಿ ನೀರನ್ನು ಪಂಪ್ ಮಾಡುವ ತೊರೆಕಾಡನಹಳ್ಳಿಯಿಂದ ಬೆಂಗಳೂರಿಗೆ ಸುಮಾರು ನೂರು ಕಿಲೋಮೀಟರ್ ದೂರ, ಐನೂರು ಮೀಟರ್ ಹತ್ತಿರ ಎತ್ತರ. ನಾವು ನಲ್ಲಿ ತಿರುಗಿಸಿದಾಗ ಬರುವ ಪ್ರತಿ ಚೊಂಬು ನೀರನ್ನೂ ಅಷ್ಟು ದೂರದಿಂದ, ಅಷ್ಟು ಎತ್ತರಕ್ಕೆ ಪಂಪ್ ಮಾಡಿ ತರುತ್ತಾರೆ.

ಹಾಗಾದರೆ ಈಗ ಗೆದ್ದಿದ್ದೇವೆಯೇ? ಅದು ನೀವು ಯಾವ ಬಡಾವಣೆಯಲ್ಲಿ ಇದ್ದೀರಿ ಅನ್ನುವುದರ ಮೇಲೆ ನಿಂತಿದೆ. ಜಯನಗರ, ಮಲ್ಲೇಶ್ವರದಂಥ ಕಡೆ ಸಂಪು ಇದೆ, ಮೇಲೆ ಟ್ಯಾಂಕ್ ಇದೆ, ಹೆಂಗಸರು ನಡುರಾತ್ರಿ ಏಳಬೇಕಿಲ್ಲ. ಅಲ್ಲಿ ಇಂದಿನ ಬೆಂಗಳೂರಿಗೆ ಪೂರ್ತಿ ಅಂಕ. ಆದರೆ 2007ರಲ್ಲಿ ಊರಿಗೆ ಸೇರಿಸಿಕೊಂಡ 110 ಹಳ್ಳಿಗಳಿಗೆ ಕಾವೇರಿ ಐದನೇ ಹಂತ ಬಂದದ್ದು 2024ರ ಅಕ್ಟೋಬರಿನಲ್ಲಿ. ಹದಿನೇಳು ವರ್ಷ! ಅದೇ ವರ್ಷದ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಒಂದರ ಹಿಂದೆ ಒಂದು ಬತ್ತಿದವು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ ಐದು ಸಾವಿರ ರೂಪಾಯಿ ದಂಡ ಅಂತ ಜಲಮಂಡಳಿ ಹೇಳಬೇಕಾಯಿತು. ಆಗ ನಾವಿದ್ದ ಹೊರಮಾವಿನ ಅಪಾರ್ಟ್‌ಮೆಂಟಿನಲ್ಲಿ ಟ್ಯಾಂಕರಿಗೆ ಕಾಯುತ್ತಾ ಅಮ್ಮ ಬಾಲ್ಕನಿಯಲ್ಲಿ ನಿಂತಿರುತ್ತಿದ್ದರು. ಎಪ್ಪತ್ತರ ಹತ್ತಿರದ ವಯಸ್ಸಿನಲ್ಲಿ ಮತ್ತೆ ಅದೇ ಕೆಲಸ. ನನಗೆ ನಿಜಕ್ಕೂ ಸಂಕಟವಾಯಿತು.

ಹಾಗಾಗಿ ಮನೆ ನೋಡುವವರಿಗೆ ನನ್ನ ಮೊದಲ ಮಾತು: ಕಾವೇರಿ ಸಂಪರ್ಕ ಇದೆಯಾ ಅಂತ ಮಾತ್ರ ಕೇಳಬೇಡಿ. ವಾರಕ್ಕೆ ಎಷ್ಟು ದಿನ ಬರುತ್ತದೆ, ಕಳೆದ ಮಾರ್ಚ್, ಏಪ್ರಿಲ್‌ನಲ್ಲಿ ಎಷ್ಟು ಟ್ಯಾಂಕರ್ ತರಿಸಿದರು ಅಂತ ವಾಚ್‌ಮನ್ ಹತ್ತಿರ ಕೇಳಿ. ಓನರ್ ಹತ್ತಿರ ಅಲ್ಲ.

ಕಾಯುವುದು

ಇದರಲ್ಲಿ ಜಾಸ್ತಿ ಯೋಚಿಸುವುದೇ ಬೇಡ. ಆಗ ಟೆಲಿಫೋನಿಗೆ ಅರ್ಜಿ ಹಾಕಿದರೆ ವರ್ಷಗಟ್ಟಲೆ. ಬಜಾಜ್ ಚೇತಕ್ ಬುಕ್ ಮಾಡಿದರೂ ವರ್ಷಗಟ್ಟಲೆ. ಗ್ಯಾಸ್ ಸಂಪರ್ಕಕ್ಕೂ ಅಷ್ಟೇ. ಅಲ್ಲಿಯವರೆಗೆ ಸೀಮೆಎಣ್ಣೆ ಸ್ಟವ್, ನ್ಯಾಯಬೆಲೆ ಅಂಗಡಿಯ ಕ್ಯೂ. ಮದುವೆಯ ಲಗ್ನಪತ್ರಿಕೆಯಲ್ಲಿ, ವಿಸಿಟಿಂಗ್ ಕಾರ್ಡಿನಲ್ಲಿ "ಪಿ.ಪಿ." ಅಂತ ಪಕ್ಕದ ಮನೆಯ ಫೋನ್ ನಂಬರ್ ಹಾಕಿಸುತ್ತಿದ್ದರು. ಯಾರಾದರೂ ಫೋನ್ ಮಾಡಿದರೆ ಪಕ್ಕದ ಮನೆಯವರು ಕಾಂಪೌಂಡಿನಿಂದ ಕೂಗಬೇಕು. ಸಾವಿನ ಸುದ್ದಿಯನ್ನೂ ಅವರ ಹಾಲ್‌ನಲ್ಲೇ ನಿಂತು ಕೇಳಬೇಕು.

ಕರೆಂಟೂ ಹಾಗೇ. ರಾಜ್ಯ ಹೆಚ್ಚಾಗಿ ಶರಾವತಿಯಂಥ ಜಲವಿದ್ಯುತ್ತನ್ನೇ ನಂಬಿತ್ತು. ಮಳೆ ಕೈಕೊಟ್ಟರೆ ಲೋಡ್ ಶೆಡ್ಡಿಂಗ್. ರಾಯಚೂರಿನ ಶಾಖೋತ್ಪನ್ನ ಕೇಂದ್ರದ ಮೊದಲ ಘಟಕ ಶುರುವಾದದ್ದೇ 1985ರಲ್ಲಿ. ಇಲ್ಲಿ ಇಂದಿನ ಬೆಂಗಳೂರೇ ಮೇಲು. ಇದನ್ನು ಒಪ್ಪದವರು ಆಗ ಮನೆಯಲ್ಲಿ ಅಡುಗೆ ಮಾಡಿದವರಲ್ಲ ಅಂತ ನಾನು ಖಂಡಿತ ಹೇಳಬಲ್ಲೆ.

ಮರ, ಕೆರೆ, ಸೆಕೆ

ಅಪ್ಪನ ಪಕ್ಷಕ್ಕೆ ಬಲ ಇರುವುದು ಇಲ್ಲಿ. ನಮ್ಮ ವಠಾರದ ಮನೆಯಲ್ಲಿ ಫ್ಯಾನೇ ಇರಲಿಲ್ಲ. ಬೇಕಾಗಿರಲೂ ಇಲ್ಲ. 2016ರ ಏಪ್ರಿಲಿನಲ್ಲಿ ಬೆಂಗಳೂರಿನ ತಾಪಮಾನ 39.2 ಡಿಗ್ರಿಗೆ ಹೋಯಿತು. ಫ್ಯಾನ್ ಹಾಕಿದರೂ ನಿದ್ದೆ ಬರದ ರಾತ್ರಿಗಳು ಈಗ ಪ್ರತಿ ಬೇಸಿಗೆಯ ಪಾಡು.

ಆದರೆ ಒಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ನಾವು "ಹಳೇ ಬೆಂಗಳೂರಿನ ಮರಗಳು" ಅನ್ನುವ ಎಷ್ಟೋ ಸಾಲುಮರಗಳು ತಾವಾಗಿ ಇದ್ದವಲ್ಲ. 1980ರ ದಶಕದಲ್ಲಿ ಎಸ್.ಜಿ. ನೇಗಿನಹಾಳ ಎಂಬ ಅರಣ್ಯಾಧಿಕಾರಿ ಕೆಲವೇ ವರ್ಷಗಳಲ್ಲಿ ಈ ಊರಿನ ಬೀದಿಗಳಲ್ಲಿ ಸುಮಾರು 15 ಲಕ್ಷ ಗಿಡ ನೆಡಿಸಿದರು. ನಾನು ಚಿಕ್ಕವಳಾಗಿದ್ದಾಗ ಎಷ್ಟೋ ಬಡಾವಣೆಗಳಲ್ಲಿ ಮರಗಳಿರಲಿಲ್ಲ, ಕಬ್ಬಿಣದ ಬೇಲಿಯೊಳಗಿನ ಸಸಿಗಳಿದ್ದವು. ಅವು ನೆರಳು ಕೊಟ್ಟದ್ದು ಮುಂದೆ, ತೊಂಬತ್ತರ ದಶಕದಲ್ಲಿ. ಅಂದರೆ ನಾವು ನೆನೆಯುವ ಹಸಿರು ಒಬ್ಬ ಮನುಷ್ಯ ಹಠ ಹಿಡಿದು ಮಾಡಿದ ಕೆಲಸ. 2021ರಲ್ಲಿ ಅವರು ತೀರಿಕೊಂಡರು. ಅವರ ಹೆಸರನ್ನು ಮಕ್ಕಳಿಗೆ ಹೇಳಿಕೊಡಬೇಕು ಅಂತ ನನಗೆ ತುಂಬಾ ಆಸೆ.

ಕೆರೆಗಳ ವಿಷಯದಲ್ಲಿ ಹಿಂದಿನವರೂ ಕೈ ತೊಳೆದುಕೊಳ್ಳುವ ಹಾಗಿಲ್ಲ. ಮೆಜೆಸ್ಟಿಕ್ ಬಸ್ ನಿಲ್ದಾಣ ನಿಂತಿರುವುದು ಧರ್ಮಾಂಬುಧಿ ಕೆರೆಯ ಮೇಲೆ. ಕಂಠೀರವ ಕ್ರೀಡಾಂಗಣ ಇರುವುದು ಸಂಪಂಗಿ ಕೆರೆಯ ಜಾಗದಲ್ಲಿ. ಅವೆರಡೂ ಅಪ್ಪ ಈ ಊರಿಗೆ ಬರುವ ಮೊದಲೇ ಹೋಗಿದ್ದವು. ಕೆರೆ ಮುಚ್ಚುವ ಅಭ್ಯಾಸ ಹಳೆಯದು. ನಮ್ಮ ಕಾಲದಲ್ಲಿ ಅದು ಮಿತಿ ಮೀರಿತು, ಜೊತೆಗೆ ಉಳಿದ ಕೆರೆಗಳಿಗೆ ಕೊಳಚೆ ಬಿಟ್ಟೆವು. ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿದ್ದನ್ನು, ಕೆರೆಗೇ ಬೆಂಕಿ ಹತ್ತಿಕೊಂಡದ್ದನ್ನು ನಾವೇ ನೋಡಿದೆವು. 2022ರ ಸೆಪ್ಟೆಂಬರಿನ ಮಳೆಗೆ ಹೊರವರ್ತುಲ ರಸ್ತೆಯ ಸುತ್ತ ಜನ ಟ್ರ್ಯಾಕ್ಟರ್‌ಗಳಲ್ಲಿ ಆಫೀಸಿಗೆ ಹೋದರು. ನೀರು ತನ್ನ ಹಳೇ ದಾರಿಯಲ್ಲೇ ಬಂದಿತ್ತು. ದಾರಿಯಲ್ಲಿ ನಾವು ಕೂತಿದ್ದೆವು.

ಇಲ್ಲಿ ಅಂದಿನ ಬೆಂಗಳೂರೇ ಚೆನ್ನ. ಮನೆ ಹುಡುಕುವವರು ಮಾತ್ರ ಮಳೆಗಾಲದಲ್ಲಿ ಒಮ್ಮೆ ಹೋಗಿ ನೋಡಿ. ಬೇಸ್‌ಮೆಂಟಿನ ಗೋಡೆಯ ಮೇಲೆ ನೀರಿನ ಗೆರೆ ಇದೆಯಾ ಗಮನಿಸಿ.

ದೂರ

ಇಷ್ಟೆಲ್ಲ ಹೋಲಿಸಿದ ಮೇಲೆ ನನಗೆ ಅನ್ನಿಸಿದ್ದು ಇದು. ಅಪ್ಪ ಕಳೆದುಕೊಂಡು ಹುಡುಕುತ್ತಿರುವುದು ತಂಪನ್ನೂ ಅಲ್ಲ, ಮರವನ್ನೂ ಅಲ್ಲ. ಹತ್ತಿರವನ್ನು.

ಮತ್ತಿಕೆರೆಯಿಂದ ಜಾಲಹಳ್ಳಿಗೆ ಸೈಕಲ್ಲಿನಲ್ಲಿ ಇಪ್ಪತ್ತು ನಿಮಿಷ. ಮೊದಲ ಶಿಫ್ಟ್ ಮುಗಿಸಿದರೆ ಮಧ್ಯಾಹ್ನವೇ ಮನೆ. ಸಂಜೆ ಪೂರ್ತಿ ಅವರದ್ದು. ಎಚ್‌ಎಎಲ್, ಬಿಇಎಲ್, ಐಟಿಐ, ಎಚ್‌ಎಂಟಿಯಂಥ ಸಾರ್ವಜನಿಕ ಉದ್ದಿಮೆಗಳು ಬರೀ ಕಾರ್ಖಾನೆ ಕಟ್ಟಿರಲಿಲ್ಲ. ಕ್ವಾರ್ಟರ್ಸ್, ಶಾಲೆ, ಆಸ್ಪತ್ರೆ, ಆಟದ ಮೈದಾನ ಎಲ್ಲ ಕಟ್ಟಿದ್ದವು. ದೂರದವರಿಗೆ ಫ್ಯಾಕ್ಟರಿ ಬಸ್ಸು. ಕೆಲಸದ ಸುತ್ತ ಬದುಕು ಹೆಣೆದುಕೊಂಡಿತ್ತು. ಅಪ್ಪನ ನಾಟಕದ ತಂಡ, ಕೇರಂ ಗೆಳೆಯರು, ಸಹಕಾರ ಸಂಘದ ಸಾಲ ಎಲ್ಲ ಆ ನಾಲ್ಕು ಕಿಲೋಮೀಟರಿನೊಳಗೆ.

ಈಗ ನನ್ನ ಕಥೆ ಕೇಳಿ. ಮನೆ ಹೊರಮಾವು, ಆಫೀಸು ಎಲೆಕ್ಟ್ರಾನಿಕ್ ಸಿಟಿ. ಒಂದೂವರೆ ಗಂಟೆ ಹೋಗಲು, ಒಂದೂವರೆ ಗಂಟೆ ಬರಲು. ಊರಿನ ವಾಹನಗಳ ಸಂಖ್ಯೆ ಒಂದು ಕೋಟಿ ದಾಟಿದೆ. ನಾನು ಮನೆ ಸೇರುವ ಹೊತ್ತಿಗೆ ಮಗಳು ಅಜ್ಜಿಯ ಕೈಯಲ್ಲಿ ಊಟ ಮಾಡಿ ಮಲಗುವ ತಯಾರಿಯಲ್ಲಿರುತ್ತಾಳೆ. ಅಪ್ಪನ ಸಂಬಳಕ್ಕಿಂತ ನನ್ನದು ಎಷ್ಟೋ ಪಟ್ಟು. ಆದರೆ ಅವರ ಸಂಜೆ ನನ್ನ ಹತ್ತಿರ ಇಲ್ಲ.

ಎಲೆಕ್ಟ್ರಾನಿಕ್ ಸಿಟಿಯನ್ನು ರಾಜ್ಯ ಸರ್ಕಾರದ ಸಂಸ್ಥೆ ಕಿಯೋನಿಕ್ಸ್ 1970ರ ದಶಕದ ಕೊನೆಯಲ್ಲಿ ಊರಾಚೆ ಶುರು ಮಾಡಿತು. ಆಮೇಲೆ ವೈಟ್‌ಫೀಲ್ಡ್ ಬೆಳೆಯಿತು. ಕೆಲಸಗಳು ಊರಿನ ಅಂಚಿಗೆ ಹೋದವು. ಹಳೇ ಕಾರ್ಖಾನೆಗಳ ಹಾಗೆ ಯಾರೂ ಪಕ್ಕದಲ್ಲಿ ಮನೆ ಕಟ್ಟಿಕೊಡಲಿಲ್ಲ. ರಸ್ತೆ, ರೈಲು ಆಮೇಲೆ ಬಂದವು, ಬಹಳ ತಡವಾಗಿ. ನಮ್ಮ ಮೆಟ್ರೋದ ಮೊದಲ ತುಂಡು ಓಡಿದ್ದು 2011ರ ಅಕ್ಟೋಬರಿನಲ್ಲಿ, ಬೈಯಪ್ಪನಹಳ್ಳಿಯಿಂದ ಎಂ.ಜಿ. ರೋಡಿಗೆ. ವೈಟ್‌ಫೀಲ್ಡಿನಿಂದ ಚಲ್ಲಘಟ್ಟದವರೆಗೆ ಪೂರ್ತಿ ಓಡಲು 2023 ಆಯಿತು. ಎಲೆಕ್ಟ್ರಾನಿಕ್ ಸಿಟಿಗೆ ಹಳದಿ ಮಾರ್ಗ ಬಂದದ್ದು 2025ರ ಆಗಸ್ಟಿನಲ್ಲಿ. ಮೊದಲು ರೈಲು ಹಾಕಿ ಆಮೇಲೆ ಕಂಪನಿ ಕರೆದಿದ್ದರೆ ನಮ್ಮೆಲ್ಲರ ಎಷ್ಟು ಸಂಜೆಗಳು ಉಳಿಯುತ್ತಿದ್ದವು!

ಹತ್ತಿರಕ್ಕೂ ಬೆಲೆ ಇತ್ತು

ಅಪ್ಪನಿಗೆ ಹೇಳಿದರೆ ಬೇಜಾರಾಗುವ ಮಾತು. ಆದರೂ ಹೇಳಲೇಬೇಕು. ಆ ಹತ್ತಿರ ಎಲ್ಲರಿಗೂ ಒಂದೇ ಥರ ಇರಲಿಲ್ಲ.

ಬಾಡಿಗೆ ಮನೆ ಕೇಳಲು ಹೋದರೆ "ನೀವು ಯಾವ ಜನ?" ಅಂತ ಮೊದಲೇ ಕೇಳುತ್ತಿದ್ದರು. ಉತ್ತರ ಹಿಡಿಸದಿದ್ದರೆ "ಮನೆ ಆಗಲೇ ಕೊಟ್ಟಾಗಿದೆ." ಈಗಲೂ ಕೇಳುವವರು ಇದ್ದಾರೆ. ಆದರೆ ಸಾವಿರ ಮನೆಯ ಅಪಾರ್ಟ್‌ಮೆಂಟಿನಲ್ಲಿ ಪಕ್ಕದವರ ಜಾತಿ ಯಾರಿಗೂ ಗೊತ್ತಿರುವುದಿಲ್ಲ. ಕೆಲವರಿಗೆ ಅದು ಅಪರಿಚಿತತನ, ಕೆಲವರಿಗೆ ಬಿಡುಗಡೆ. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ಬಿ. ಬಸವಲಿಂಗಪ್ಪ ಅವರು ಮಂತ್ರಿಯಾಗಿದ್ದಾಗ ನಿಷೇಧಿಸಿದ್ದು 1970ರ ದಶಕದಲ್ಲಿ. ಅಂದರೆ ನಮ್ಮ "ಚಿನ್ನದಂಥ ಕಾಲ"ಕ್ಕೆ ಬರೀ ಹತ್ತು ವರ್ಷ ಹಿಂದೆ. ಆ ಮನೆಗಳ ಹಿರಿಯರನ್ನು ಯಾವ ಬೆಂಗಳೂರು ಚೆನ್ನ ಅಂತ ಕೇಳಿ ನೋಡಿ. ಅವರ ಉತ್ತರಕ್ಕೆ ನನ್ನ ಲೆಕ್ಕದಲ್ಲಿ ತೂಕ ಜಾಸ್ತಿ.

ಹೆಣ್ಣುಮಕ್ಕಳ ಮಾತೂ ಇದೇ. ಅಮ್ಮ ಪಿಯುಸಿ ಮುಗಿಸಿದ್ದರು. ಟೈಪಿಂಗ್ ಕಲಿತಿದ್ದರು. ಕೆಲಸಕ್ಕೆ ಹೋಗುತ್ತೇನೆ ಅಂದಾಗ ವಠಾರದ ಮಂದಿಯೆಲ್ಲ ಅಭಿಪ್ರಾಯ ಹೇಳಿದರು, ಯಾರೂ ಕೇಳಿರದಿದ್ದರೂ. ಕೊನೆಗೆ ಹೋಗಲೇ ಇಲ್ಲ. 1991ರಲ್ಲಿ ಕರ್ನಾಟಕದಲ್ಲಿ ಓದು ಬಲ್ಲ ಹೆಂಗಸರು ಶೇಕಡಾ 44, 2011ಕ್ಕೆ ಶೇಕಡಾ 68. 2023ರ ಜೂನಿನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತ. ನಮ್ಮ ಮನೆಗೆಲಸಕ್ಕೆ ಬರುವ ಅಕ್ಕ ಉಳಿದ ಬಸ್ ಚಾರ್ಜಿನಲ್ಲಿ ಮಗನಿಗೆ ಟ್ಯೂಷನ್ ಹಾಕಿಸಿದ್ದಾರೆ. ನಾನು ಕೆಲಸ ಮಾಡುತ್ತೇನೆ, ನನ್ನ ಹೆಸರಿನಲ್ಲೇ ಸಾಲ ತೆಗೆದಿದ್ದೇನೆ. ಇದಕ್ಕೆ ಬದಲಾಗಿ ಯಾರು ಎಂಥ ತಂಪು ಗಾಳಿ ಕೊಟ್ಟರೂ ನಾನು ಹಿಂದಕ್ಕೆ ಹೋಗಲಾರೆ.

ಆಗ ಊರು ಸುರಕ್ಷಿತವಾಗಿತ್ತೇ?

"ಆಗ ಬಾಗಿಲು ತೆರೆದು ಮಲಗುತ್ತಿದ್ದೆವು" ಅನ್ನುತ್ತಾರೆ. ಇರಬಹುದು. ಆದರೆ 1981ರ ಫೆಬ್ರವರಿಯಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು 92 ಜನ ಸತ್ತರು. ಹೆಚ್ಚಿನವರು ಮಕ್ಕಳು. ಅದೇ ವರ್ಷ ಜುಲೈನಲ್ಲಿ ಕಳ್ಳಬಟ್ಟಿ ಕುಡಿದು 300ಕ್ಕೂ ಹೆಚ್ಚು ಜನ ಹೋದರು. 1983ರಲ್ಲಿ ಕಟ್ಟುತ್ತಿದ್ದ ಗಂಗಾರಾಂ ಕಟ್ಟಡ ಕುಸಿದು 120ಕ್ಕೂ ಹೆಚ್ಚು ಜನ ಸತ್ತರು. ಮೂರು ವರ್ಷಗಳೊಳಗೆ ಮೂರು ದುರಂತ. ಅಪ್ಪನಿಗೆ ಮೂರೂ ನೆನಪಿವೆ. ಆದರೆ ಅವರ "ಹಳೇ ಬೆಂಗಳೂರು" ಅನ್ನುವ ಚಿತ್ರದಲ್ಲಿ ಒಂದೂ ಇಲ್ಲ.

ಆರೋಗ್ಯಕ್ಕೆ ಒಂದೇ ಲೆಕ್ಕ ಸಾಕು. 1981ರಲ್ಲಿ ನಮ್ಮ ದೇಶದಲ್ಲಿ ಹುಟ್ಟಿದ ಸಾವಿರ ಮಕ್ಕಳಲ್ಲಿ 110 ಮಕ್ಕಳು ಮೊದಲ ಹುಟ್ಟುಹಬ್ಬ ಕಾಣುತ್ತಿರಲಿಲ್ಲ. 2020ಕ್ಕೆ ಅದು 28. ನಮ್ಮ ವಠಾರದಲ್ಲೇ ಎರಡು ಮನೆಯಲ್ಲಿ ಕೂಸು ಕಳೆದುಕೊಂಡಿದ್ದರು. ಇಲ್ಲಿ ಹೋಲಿಕೆ ಮುಗಿಯಿತು.

ಇನ್ನು ಸ್ವಂತ ಮನೆ. ಆಗ ಬಿಡಿಎ ಸೈಟಿಗೆ ಅರ್ಜಿ ಹಾಕಿ, ಸಿಕ್ಕರೆ ನಿವೃತ್ತಿಯ ಹಣದಲ್ಲಿ ಮನೆ ಕಟ್ಟುತ್ತಿದ್ದರು. ಕಾರ್ಮಿಕನಿಗೂ ಗುಮಾಸ್ತನಿಗೂ ಅದು ಕನಸಾಗಿ ಕೈಗೆಟುಕುವಷ್ಟು ಹತ್ತಿರವಿತ್ತು. ಈಗ ಸಾಲ ಸುಲಭ, ಸೈಟು ಅಸಾಧ್ಯ. ಇಲ್ಲಿ ಅಂದಿನ ಕಾಲಕ್ಕೇ ಅಂಕ.

ಹಾಗಾದರೆ ಮೈಸೂರು?

ಅಪ್ಪನ ಮಾತನ್ನು ನಾನು ತಳ್ಳಿಹಾಕಲಿಲ್ಲ. 2011ರ ಜನಗಣತಿಯಲ್ಲಿ ಮೈಸೂರಿನ ಜನಸಂಖ್ಯೆ 9 ಲಕ್ಷದ ಆಸುಪಾಸು. ಅವರು ನೆನೆಯುವ 1981ರ ಬೆಂಗಳೂರಿನಲ್ಲಿ ಅದರ ಮೂರು ಪಟ್ಟು ಜನ ಇದ್ದರು. ಅಂದರೆ ಅವರು ಹೋಗಲು ಹೊರಟಿರುವುದು ಹಳೇ ಬೆಂಗಳೂರಿಗಲ್ಲ, ಅದಕ್ಕಿಂತ ಸಣ್ಣ, ಬೇರೆಯೇ ಸ್ವಭಾವದ ಊರಿಗೆ. ಕುಕ್ಕರಹಳ್ಳಿ ಕೆರೆಯ ಸುತ್ತ ನಡೆಯಬಹುದು. ಹೃದಯದ ತೊಂದರೆಗೆ ಅಲ್ಲೂ ಜಯದೇವ ಆಸ್ಪತ್ರೆ ಇದೆ.

ಪಿಂಚಣಿ ಇದೆ, ಮಕ್ಕಳು ಬೇರೆ ಊರಿನಲ್ಲಿದ್ದಾರೆ, ಅಲ್ಲಿ ನಾಲ್ಕು ಜನ ಪರಿಚಯದವರಿದ್ದಾರೆ ಅನ್ನುವವರಿಗೆ ಮೈಸೂರು, ಶಿವಮೊಗ್ಗ, ಧಾರವಾಡ ಎಲ್ಲ ಒಳ್ಳೆಯ ಆಯ್ಕೆಯೇ. ಆದರೆ ಪರಿಚಯದವರಿಲ್ಲದೆ ಬರೀ ಮರ ನೋಡಿ ಹೋಗಬೇಡಿ. ಹತ್ತಿರ ಅನ್ನುವುದು ಮನುಷ್ಯರಿಂದ ಬರುತ್ತದೆ. ಅಪ್ಪನ ಸ್ನೇಹಿತರೆಲ್ಲ ಇನ್ನೂ ಯಶವಂತಪುರ, ಮಲ್ಲೇಶ್ವರದ ಸುತ್ತಲೇ ಇದ್ದಾರೆ. ಮೊಮ್ಮಗಳು ಇಲ್ಲಿದ್ದಾಳೆ.

ಕೆಲಸಕ್ಕೆ ಹೋಗುವ ವಯಸ್ಸಿನವರು, ಅದರಲ್ಲೂ ಗಂಡ ಹೆಂಡತಿ ಇಬ್ಬರೂ ದುಡಿಯುವವರು ಬೆಂಗಳೂರಿನಲ್ಲೇ ಉಳಿದು ದೂರ ಕಡಿಮೆ ಮಾಡಿಕೊಳ್ಳುವುದು ಒಳ್ಳೆಯದು. ದೊಡ್ಡ ಮನೆ ಬಿಟ್ಟು ಸಣ್ಣ ಮನೆ, ಕ್ಲಬ್‌ಹೌಸ್ ಬಿಟ್ಟು ಮೆಟ್ರೋ ನಿಲ್ದಾಣ, ಈಜುಕೊಳ ಬಿಟ್ಟು ಸೊಪ್ಪಿನ ಅಂಗಡಿ. ಬಾಡಿಗೆ ಜಾಸ್ತಿ ಆಗುತ್ತದೆ. ಆ ಜಾಸ್ತಿ ಹಣವನ್ನು ತಿಂಗಳಿಗೆ ಉಳಿಯುವ ಗಂಟೆಗಳ ಜೊತೆ ಇಟ್ಟು ನೋಡಿ. ನನ್ನ ಲೆಕ್ಕದಲ್ಲಿ ತಿಂಗಳಿಗೆ ನಲವತ್ತು ಗಂಟೆ ಉಳಿಯಿತು. ಒಬ್ಬಂಟಿ ಹುಡುಗಿಯರು, ಹೊಸದಾಗಿ ಊರಿಗೆ ಬಂದವರು ಹಳೇ ಬಡಾವಣೆಯ ಓನರ್‌ಗಳ ಪ್ರಶ್ನೆಗಳಿಗೆ ತಯಾರಿರಬೇಕು. ಅದು ಬೇಡ ಅನಿಸಿದರೆ ಮೆಟ್ರೋ ಸಾಲಿನ ಹೊಸ ಅಪಾರ್ಟ್‌ಮೆಂಟೇ ನೆಮ್ಮದಿ.

ನಾವೀಗ ಹಳದಿ ಮಾರ್ಗ ಶುರುವಾಗುವ ಆರ್.ವಿ. ರೋಡ್ ನಿಲ್ದಾಣದ ಸುತ್ತ ಮನೆ ನೋಡುತ್ತಿದ್ದೇವೆ. ನನಗೆ ಆಫೀಸಿಗೆ ನೇರ ರೈಲು. ಅಪ್ಪನಿಗೆ ಅಲ್ಲಿಂದಲೇ ಹಸಿರು ಮಾರ್ಗದಲ್ಲಿ ಯಶವಂತಪುರಕ್ಕೆ ನೇರ ರೈಲು, ಗೆಳೆಯರ ಕೇರಂ ಬೋರ್ಡಿಗೆ. ಕಳೆದ ಭಾನುವಾರ ಮೂರು ಮನೆ ನೋಡಿದೆವು. ಪ್ರತಿ ಮನೆಯಲ್ಲೂ ಅಪ್ಪ ಗೇಟಿನ ಹತ್ತಿರವೇ ನಿಂತು ರಸ್ತೆಯ ಮರಗಳನ್ನು ಎಣಿಸುತ್ತಿದ್ದರು. ಅಮ್ಮ ಚಪ್ಪಲಿ ಬಿಟ್ಟು ನೇರ ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸುತ್ತಿದ್ದರು.